ಉತ್ತರ ಗೊತ್ತು, ಪ್ರಶ್ನೆಯೇ ತಲುಪುತ್ತಿಲ್ಲ

ವಿಜ್ಞಾನ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇದೆ ಎಂದುಕೊಳ್ಳಿ: 'ನೀರು ಕುದಿಯುವಾಗ ಏನಾಗುತ್ತದೆ? ನಾಲ್ಕು ಸಾಲಿನಲ್ಲಿ ವಿವರಿಸಿ.' ಇದಕ್ಕೆ ಉತ್ತರ ಬರೆಯಲು ಮಗುವಿಗೆ ಏನೇನು ಬರಬೇಕು, ಒಮ್ಮೆ ಲೆಕ್ಕ ಹಾಕಿ. ಅಕ್ಷರ ಕಣ್ಣಿಗೆ ಕಾಣಬೇಕು. ಕಂಡ ಅಕ್ಷರಗಳನ್ನು ಕೂಡಿಸಿ ಓದಲು ಬರಬೇಕು. ಓದಿದ್ದು ತಲೆಯಲ್ಲಿ ನಿಲ್ಲಬೇಕು. ಪೆನ್ನು ಹಿಡಿಯುವಷ್ಟು ಬೆರಳು ಬಗ್ಗಬೇಕು. ಸಾಲು ಓರೆಯಾಗದಂತೆ ಬರೆಯಬೇಕು. ಇದೆಲ್ಲ ಗಂಟೆ ಬಾರಿಸುವುದರೊಳಗೆ ಮುಗಿಯಬೇಕು. ಇಷ್ಟರ ನಡುವೆ, ಹಾಂ, ನೀರು ಕುದಿಯುವುದರ ಬಗ್ಗೆಯೂ ಸ್ವಲ್ಪ ಗೊತ್ತಿರಬೇಕು.

ಮೇಷ್ಟ್ರಿಗೆ ತಿಳಿಯಬೇಕಾದ್ದು ಆ ಕೊನೆಯದೊಂದೇ. ಉಳಿದದ್ದೆಲ್ಲ ದಾರಿ ಖರ್ಚು. ಬಹಳಷ್ಟು ಮಕ್ಕಳಿಗೆ ಆ ಖರ್ಚು ಗೊತ್ತೇ ಆಗುವುದಿಲ್ಲ. ಕಣ್ಣು ಕಾಣದ, ಡಿಸ್ಲೆಕ್ಸಿಯಾ (ಕಣ್ಣು ಸರಿಯಿದ್ದೂ ಅಕ್ಷರ ಕೂಡಿಸಿ ಓದುವುದು ಕಷ್ಟವಾಗುವ ತೊಂದರೆ) ಇರುವ ಅಥವಾ ಕೈ ನಡುಗುವ ಮಗುವಿನ ಗಂಟು ಮಾತ್ರ ದಾರಿಯಲ್ಲೇ ಖಾಲಿಯಾಗುತ್ತದೆ. ತೆರೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್, ಬ್ರೈಲ್ ಡಿಸ್‌ಪ್ಲೇ, ಓದುವ ಪೆನ್ನು, ಮಾತನ್ನು ಅಕ್ಷರ ಮಾಡುವ ತಂತ್ರಾಂಶ, ಇವೆಲ್ಲ ಈ ಖರ್ಚನ್ನು ಇಳಿಸುವ ಸಾಧನಗಳು. ಇವನ್ನೆಲ್ಲ ಸೇರಿಸಿ ಸಹಾಯಕ ತಂತ್ರಜ್ಞಾನ ಅನ್ನುತ್ತಾರೆ.

ಹಾಗಾದರೆ ಎಲ್ಲ ಪರೀಕ್ಷೆಗೂ ಎಲ್ಲ ಸಾಧನ ಕೊಟ್ಟುಬಿಡಬಹುದಾ? ಇಲ್ಲ. ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ಪತ್ರಿಕೆ ಏನನ್ನು ಅಳೆಯುತ್ತಿದೆ? ಇತಿಹಾಸದ ಪತ್ರಿಕೆಯಲ್ಲಿ ಕಾಗುಣಿತ ತಿದ್ದುವ ತಂತ್ರಾಂಶ ಇದ್ದರೆ ಏನೂ ಕೆಡುವುದಿಲ್ಲ. ಕಾಗುಣಿತಕ್ಕೇ ಅಂಕವಿರುವ ಭಾಷಾ ಪತ್ರಿಕೆಯಲ್ಲಿ ಅದೇ ತಂತ್ರಾಂಶ ಉತ್ತರವನ್ನೇ ಬರೆದುಕೊಟ್ಟಂತೆ. ಲೆಕ್ಕದ ಸಮಸ್ಯೆಯನ್ನು ಯಂತ್ರ ಓದಿ ಹೇಳಿದರೆ ತಪ್ಪಿಲ್ಲ. ಓದುವ ಸಾಮರ್ಥ್ಯವನ್ನೇ ನೋಡುವ ಪತ್ರಿಕೆಯಲ್ಲಿ ಹಾಗೆ ಓದಿ ಹೇಳಿದರೆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ. ಸಾಧನ ಅದೇ, ಪತ್ರಿಕೆ ಬೇರೆ. ಈ ವಿಷಯದಲ್ಲಿ ನಡೆಯುವ ಜಗಳಗಳಲ್ಲಿ ಮುಕ್ಕಾಲು ಪಾಲು, ಈ ಪ್ರಶ್ನೆಯನ್ನು ಯಾರೂ ಮೊದಲೇ ಕೇಳಿಕೊಳ್ಳದ್ದರಿಂದಲೇ ಹುಟ್ಟುತ್ತವೆ ಅಂತ ನನಗನ್ನಿಸುತ್ತದೆ.

ಯಂತ್ರ ಓದುತ್ತದೆ, ಪತ್ರಿಕೆ ಓದಿಸಿಕೊಳ್ಳಬೇಕಲ್ಲ

ಸ್ಕ್ರೀನ್ ರೀಡರ್ ಅಂದರೆ ಏನು ಎಂದು ತಿಳಿಯಲು ಓದುವುದಕ್ಕಿಂತ ಮಾಡಿ ನೋಡುವುದು ಸುಲಭ. ಆಂಡ್ರಾಯ್ಡ್ ಫೋನ್‌ನಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಇರುತ್ತದೆ. ಸೆಟಿಂಗ್ಸ್‌ಗೆ ಹೋಗಿ ಅದನ್ನು ಚಾಲೂ ಮಾಡಿ, ಕಣ್ಣು ಮುಚ್ಚಿಕೊಂಡು ಯಾವುದಾದರೂ ಸುದ್ದಿ ಓದಲು ಪ್ರಯತ್ನಿಸಿ. (ಆಫ್ ಮಾಡುವುದು ಹೇಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ, ಆಮೇಲೆ ನನ್ನನ್ನು ಬೈಯಬೇಡಿ.) ಒಮ್ಮೆ ಮುಟ್ಟಿದರೆ ಬೆರಳ ಕೆಳಗೆ ಇರುವುದನ್ನು ಅದು ಹೇಳುತ್ತದೆ. ಎರಡು ಸಲ ತಟ್ಟಿದರೆ ತೆರೆಯುತ್ತದೆ. ಐದೇ ನಿಮಿಷದಲ್ಲಿ ಎರಡು ವಿಷಯ ಅರ್ಥವಾಗುತ್ತವೆ. ಒಂದು, ಇದು ಸಾಧ್ಯ. ಎರಡು, ಇದಕ್ಕೆ ಅಭ್ಯಾಸ ಬೇಕು.

ಕಂಪ್ಯೂಟರ್‌ನಲ್ಲಿ ಈ ಕೆಲಸ ಮಾಡುವ ತಂತ್ರಾಂಶಗಳಲ್ಲಿ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಶುರು ಮಾಡಿದರು, ಜೇಮ್ಸ್ ಟೆ ಆಮೇಲೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ತಮಗೆ ಬೇಕಾದ್ದನ್ನು ತಾವೇ ಮಾಡಿಕೊಂಡರು, ಜಗತ್ತಿಗೂ ಕೊಟ್ಟರು. ಪಳಗಿದ ವಿದ್ಯಾರ್ಥಿಗಳು ಇಂಗ್ಲಿಷ್ ಪಠ್ಯವನ್ನು ನಿಮಿಷಕ್ಕೆ 300ಕ್ಕೂ ಜಾಸ್ತಿ ಪದಗಳ ವೇಗದಲ್ಲಿ ಕೇಳುತ್ತಾರೆ. ಪಕ್ಕದಲ್ಲಿ ನಿಂತವರಿಗೆ ಅದು ಜೇನುಹುಳದ ಗುಂಯ್‌ಗುಡುವಿಕೆಯಷ್ಟೇ.

ಇಷ್ಟು ಚುರುಕಾದ ಯಂತ್ರ ಪರೀಕ್ಷೆಯ ದಿನ ಎಡವುವುದು ಎಲ್ಲಿ? ಹೆಚ್ಚಿನ ಸಲ ಪ್ರಶ್ನೆಪತ್ರಿಕೆಯಲ್ಲೇ. ಅಚ್ಚಾದ ಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಎಂದು ಕೊಟ್ಟರೆ ಕಣ್ಣಿಗೆ ಅಕ್ಷರ ಕಾಣುತ್ತದೆ, ಆದರೆ ಫೈಲಿನ ಒಳಗೆ ಅಕ್ಷರವೇ ಇರುವುದಿಲ್ಲ. ಅದೊಂದು ಫೋಟೋ. ಸ್ಕ್ರೀನ್ ರೀಡರ್ ಅದನ್ನು ಖಾಲಿ ಎಂದು ಹೇಳಿ ಸುಮ್ಮನಾಗುತ್ತದೆ.

ಕನ್ನಡದ ಪತ್ರಿಕೆಗೆ ಇನ್ನೊಂದು ಗ್ರಹಚಾರ ಇದೆ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ, ಅಂದರೆ ಕನ್ನಡದ ಅಕ್ಷರಕ್ಕೆ ಕನ್ನಡದ್ದೇ ಸಂಕೇತ ಕೊಡುವ ಜಾಗತಿಕ ಪದ್ಧತಿಯವಲ್ಲ. ತೆರೆಯ ಮೇಲೆ 'ಕನ್ನಡ' ಎಂದು ಚೆಂದವಾಗಿ ಕಾಣುತ್ತದೆ. ಒಳಗೆ ಕೂತಿರುವುದು ಮಾತ್ರ ಇಂಗ್ಲಿಷಿನ 'ಪಿ', ತಲೆಯ ಮೇಲೆ ಗೀಟಿರುವ 'ಎ', ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಹೀಗೆ. ಫಾಂಟ್ ಅವುಗಳ ಮೇಲೆ ಕನ್ನಡದ ವೇಷ ತೊಡಿಸಿದೆ ಅಷ್ಟೇ. ವೇಷ ಕಣ್ಣಿರುವವರಿಗೆ ಮಾತ್ರ ಕಾಣುತ್ತದೆ. ಯಂತ್ರ ಓದುವುದು ಒಳಗಿನದನ್ನು, ಹಾಗಾಗಿ ಮಗುವಿನ ಕಿವಿಗೆ ಬೀಳುವುದು 'ಪಿ, ಎ, ಪೌಂಡ್'. ಇಡೀ ಪತ್ರಿಕೆ ಹೀಗೇ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಈ ತೊಂದರೆಯೇ ಇಲ್ಲ. ಇದಕ್ಕೆ ಹೊಸ ಯಂತ್ರ ಬೇಡ, ಹಣವೂ ಬೇಡ, ಟೈಪ್ ಮಾಡುವವರಿಗೆ ಒಂದು ಮಾತು ಹೇಳಿದರೆ ಸಾಕು.

'ಬಿಟ್ಟ ಸ್ಥಳ ತುಂಬಿರಿ' ಪ್ರಶ್ನೆಯದ್ದು ಇನ್ನೊಂದು ಕಥೆ. ಖಾಲಿ ಜಾಗಕ್ಕೆ ಹಾಕಿದ ಗೀಟುಗಳನ್ನು ಸ್ಕ್ರೀನ್ ರೀಡರ್ ಕೆಲವೊಮ್ಮೆ ಹಾರಿಸಿಬಿಡುತ್ತದೆ. 'ಭೂಮಿಯು ಸೂರ್ಯನನ್ನು ಒಂದು ಸುತ್ತು ಹಾಕಲು ದಿನಗಳು ಬೇಕು' ಎಂದು ಸರಾಗವಾಗಿ ಓದಿ ಮುಗಿಸುತ್ತದೆ. ಏನು ತುಂಬಬೇಕು, ಎಲ್ಲಿ ತುಂಬಬೇಕು, ಗೊತ್ತಾಗುವುದೇ ಇಲ್ಲ. ಗೀಟಿನ ಜಾಗದಲ್ಲಿ 'ಖಾಲಿ ಜಾಗ' ಎಂದು ಅಕ್ಷರದಲ್ಲೇ ಬರೆದರೆ ಮುಗಿಯಿತು. ಪ್ರಶ್ನೆ ಸಂಖ್ಯೆಗಳನ್ನು ಬರೀ ದಪ್ಪ ಅಕ್ಷರದಲ್ಲಿ ಹಾಕದೆ ಟೈಪಿಂಗ್ ತಂತ್ರಾಂಶದ ಶೀರ್ಷಿಕೆ (ಹೆಡಿಂಗ್) ಶೈಲಿಯಲ್ಲಿ ಹಾಕಿದರೆ ಇನ್ನೊಂದು ಲಾಭ ಇದೆ. ವಿದ್ಯಾರ್ಥಿ ಒಂದು ಕೀಲಿ ಒತ್ತಿ ಪ್ರಶ್ನೆಯಿಂದ ಪ್ರಶ್ನೆಗೆ ಜಿಗಿಯಬಹುದು. ಇಲ್ಲದಿದ್ದರೆ 17ನೇ ಪ್ರಶ್ನೆಗೆ ಹೋಗಲು 16 ಪ್ರಶ್ನೆಗಳನ್ನೂ ದಾಟಿಕೊಂಡು ಹೋಗಬೇಕು.

ಚಿತ್ರಗಳ ವಿಚಾರ ಸೂಕ್ಷ್ಮ. ಚಿತ್ರಕ್ಕೆ ಬದಲಿ ವಿವರಣೆ ಬರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪರೀಕ್ಷೆಯಲ್ಲಿ ವಿವರಣೆಯೇ ಉತ್ತರವನ್ನು ಬಾಯಿ ಬಿಡಬಹುದು. 'ಈ ತ್ರಿಭುಜ ಯಾವ ಬಗೆಯದು?' ಎಂಬ ಪ್ರಶ್ನೆಯ ಚಿತ್ರಕ್ಕೆ 'ಲಂಬಕೋನ ತ್ರಿಭುಜ' ಎಂದು ವಿವರಣೆ ಬರೆದರೆ ಕೆಲಸ ಕೆಟ್ಟಿತು. 'ತ್ರಿಭುಜದ ಬಾಹುಗಳು 3, 4, 5 ಸೆಂಟಿಮೀಟರ್' ಎಂದು ಬರೆದರೆ ಮಗು ತಾನೇ ಯೋಚಿಸಬೇಕಾಗುತ್ತದೆ. ನೋಡುವ ಮಗುವಿಗೆ ಚಿತ್ರ ಎಷ್ಟು ಹೇಳುತ್ತದೋ ಅಷ್ಟನ್ನೇ ಹೇಳಬೇಕು. ಇದನ್ನು ಬರೆಯಬೇಕಾದವರು ಆ ವಿಷಯ ಪಾಠ ಮಾಡುವ ಶಿಕ್ಷಕರು. ಕಂಪ್ಯೂಟರ್ ವಿಭಾಗದವರ ತಲೆಗೆ ಕಟ್ಟುವಂಥ ಕೆಲಸ ಅಲ್ಲ.

ಗಣಿತ ಕಿವಿಗೆ ಬಿದ್ದಾಗ

'ಒನ್ ಬೈ ಎಕ್ಸ್ ಪ್ಲಸ್ ಒನ್.' ಇದನ್ನು ಜೋರಾಗಿ ಓದಿ ಪಕ್ಕದವರಿಗೆ ಬರೆದುಕೊಳ್ಳಲು ಹೇಳಿ ನೋಡಿ. ಕೆಲವರು 'ಎಕ್ಸ್ ಪ್ಲಸ್ ಒನ್' ಇಡೀ ಗೀಟಿನ ಕೆಳಗೆ ಬರೆಯುತ್ತಾರೆ. ಕೆಲವರು ಗೀಟಿನ ಕೆಳಗೆ ಎಕ್ಸ್ ಮಾತ್ರ ಬರೆದು, ಒಂದನ್ನು ಆಚೆ ಕೂಡಿಸುತ್ತಾರೆ. ಎಕ್ಸ್ ಬೆಲೆ 1 ಆದರೆ ಮೊದಲನೆಯದಕ್ಕೆ ಉತ್ತರ ಅರ್ಧ, ಎರಡನೆಯದಕ್ಕೆ 2. ಕೇಳಿದ ಮಾತು ಒಂದೇ.

ಗಣಿತದ ಬರವಣಿಗೆ ಎಡದಿಂದ ಬಲಕ್ಕೆ ಮಾತ್ರ ಸಾಗುವುದಿಲ್ಲ, ಮೇಲೆ ಕೆಳಗೂ ಹರಡಿಕೊಂಡಿರುತ್ತದೆ. ಮಾತು ಒಂದೇ ಸಾಲಿನದು. ಅದಕ್ಕೇ ಸಮೀಕರಣವನ್ನು ಚಿತ್ರವಾಗಿ ಅಂಟಿಸದೆ, ಯಾವುದು ಮೇಲೆ ಯಾವುದು ಕೆಳಗೆ ಎಂದು ಯಂತ್ರಕ್ಕೂ ತಿಳಿಸುವ ಮ್ಯಾತ್‌ಎಂಎಲ್ ಎಂಬ ರೂಪದಲ್ಲಿ ಕೊಡಬೇಕು. ಆಗ ಸ್ಕ್ರೀನ್ ರೀಡರ್ 'ಭಿನ್ನರಾಶಿ ಆರಂಭ, ಭಿನ್ನರಾಶಿ ಮುಕ್ತಾಯ' ಎನ್ನುವಂತೆ ಎಲ್ಲೆಗಳನ್ನು ಹೇಳಬಲ್ಲದು. ಮಗು ಬಾಣದ ಕೀಲಿಗಳಿಂದ ಸಮೀಕರಣದ ಒಳಗೆ ಇಳಿದು, ಅಂಶ ಯಾವುದು, ಛೇದ ಯಾವುದು ಎಂದು ಬಿಡಿಬಿಡಿಯಾಗಿ ನೋಡಬಹುದು.

ಅಷ್ಟಾದರೂ ಕಿವಿಯೊಂದೇ ಸಾಲದು. ಉದ್ದದ ಲೆಕ್ಕವನ್ನು ಬರೀ ಕೇಳಿ ಮಾಡಲು ಹೋದರೆ ನೆನಪಿಗೇ ಅರ್ಧ ಶ್ರಮ. ಇಲ್ಲಿ ಬ್ರೈಲ್‌ಗೆ ಸಾಟಿ ಇಲ್ಲ. ಆರು ಚುಕ್ಕೆಗಳಲ್ಲಿ 63 ಆಕಾರ, ಅಷ್ಟರಲ್ಲೇ ಜಗತ್ತಿನ ಎಷ್ಟೋ ಭಾಷೆಗಳು. ಗಣಿತಕ್ಕೆಂದೇ ಒಂದು ಬ್ರೈಲ್ ಲಿಪಿಯನ್ನು 1952ರಲ್ಲಿ ರೂಪಿಸಿದವರು ಅಮೆರಿಕದ ಗಣಿತಜ್ಞ ಏಬ್ರಹಾಂ ನೆಮೆತ್, ಅವರೂ ಹುಟ್ಟಿನಿಂದ ಕುರುಡರು. ಈಗಿನ ಬ್ರೈಲ್ ಡಿಸ್‌ಪ್ಲೇಯಲ್ಲಿ ಪುಟ್ಟ ಮೊಳೆಗಳು ಮೇಲೆದ್ದು ಇಳಿದು ಅಕ್ಷರ ಮೂಡಿಸುತ್ತವೆ. ಕಂಪ್ಯೂಟರ್ ತೆರೆಯಲ್ಲಿ ಇರುವುದು ಬೆರಳಿನ ಕೆಳಗೆ ಬರುತ್ತದೆ. ಸಾಮಾನ್ಯವಾಗಿ ಒಂದು ಸಾಲಿನಲ್ಲಿ 20 ಅಥವಾ 40 ಅಕ್ಷರದ ಮನೆಗಳು. ಒಂದೇ ಸಾಲು ಎನ್ನುವುದು ಇದರ ಮಿತಿ, ದುಬಾರಿ ಎನ್ನುವುದು ಇನ್ನೊಂದು. ಕೋಷ್ಟಕ, ನಕಾಶೆ, ರೇಖಾಚಿತ್ರಕ್ಕೆ ಕಾಗದದ ಮೇಲಿನ ಉಬ್ಬು ಚಿತ್ರವೇ ಒಳ್ಳೆಯದು. ಅದಕ್ಕೊಂದು ವಿಶೇಷ ಕಾಗದ ಬರುತ್ತದೆ. ಅದರ ಮೇಲೆ ಕಪ್ಪು ಗೆರೆಯಲ್ಲಿ ಚಿತ್ರ ಮುದ್ರಿಸಿ ಬಿಸಿ ಮಾಡುವ ಯಂತ್ರದೊಳಗೆ ತೂರಿಸಿದರೆ, ಕಪ್ಪು ಭಾಗ ಶಾಖ ಹೀರಿಕೊಂಡು ದೋಸೆಯ ಅಂಚಿನಂತೆ ಉಬ್ಬುತ್ತದೆ.

ಮಸುಕಾಗಿ ಕಾಣುವ ಮಕ್ಕಳಿಗೆ ದೊಡ್ಡಕ್ಷರ ಸಾಕಲ್ವಾ ಎಂದು ಕೇಳುತ್ತಾರೆ. ಸಾಕು, ಆದರೆ ಅದಕ್ಕೂ ಬೆಲೆ ಇದೆ. ತೆರೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಪುಟದ ಹದಿನಾರನೇ ಒಂದು ಭಾಗ ಮಾತ್ರ ಒಮ್ಮೆಗೆ ಕಾಣುತ್ತದೆ. ಪ್ರಶ್ನೆ ಒಂದು ಮೂಲೆಯಲ್ಲಿ, ಚಿತ್ರ ಇನ್ನೊಂದು ಮೂಲೆಯಲ್ಲಿ. ಕೀಲಿಕಂಡಿಯಿಂದ ಕೋಣೆ ನೋಡಿದ ಹಾಗೆ. ಪ್ರಶ್ನೆಯನ್ನೂ ಅದರ ಚಿತ್ರವನ್ನೂ ಒಟ್ಟಿಗೆ ಇಡುವುದು, ಹೆಚ್ಚು ಸಮಯ ಕೊಡುವುದು, ಎರಡೂ ಇದಕ್ಕೇ.

ಕಣ್ಣು ಸರಿಯಿದೆ, ಓದು ಸಾಗುತ್ತಿಲ್ಲ

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಓದಿನ ಬಗ್ಗೆ ಒಂದು ಸರಳ ಸೂತ್ರ ಹೇಳಿದರು. ಓದಿ ಅರ್ಥ ಮಾಡಿಕೊಳ್ಳುವುದು ಎಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆ ತಿಳಿಯುವ ಶಕ್ತಿ. ಕೂಡಿಸು ಅಂತ ಹೇಳಲಿಲ್ಲ, ಗುಣಿಸು ಅಂದರು. ಒಂದು ಕಡೆ ಸೊನ್ನೆಗೆ ಹತ್ತಿರವಾದರೆ ಇನ್ನೊಂದು ಕಡೆ ಎಷ್ಟಿದ್ದರೂ ಗುಣಲಬ್ಧ ನೆಲ ಕಚ್ಚುತ್ತದೆ. ಡಿಸ್ಲೆಕ್ಸಿಯಾ ಇರುವ ಮಗು ಸಿಕ್ಕಿಕೊಳ್ಳುವುದು ಇಲ್ಲೇ. ಬಾಯಲ್ಲಿ ಕೇಳಿದರೆ ಪಟಪಟ ಉತ್ತರ, ಬರಹದಲ್ಲಿ ಕೊಟ್ಟರೆ ಮೌನ. 'ಸೋಮಾರಿ' ಎಂಬ ಹಣೆಪಟ್ಟಿ ಅಂಟುವುದೂ ಇಲ್ಲೇ.

ಪಠ್ಯವನ್ನು ಓದಿ ಹೇಳುತ್ತಾ, ಓದುತ್ತಿರುವ ಪದಕ್ಕೆ ಬಣ್ಣ ಹಚ್ಚಿ ತೋರಿಸುವ ತಂತ್ರಾಂಶ ಇಂಥ ಮಕ್ಕಳಿಗೆ ನೆರವಾಗುತ್ತದೆ. ಕಾಗದದ ಪತ್ರಿಕೆಗೆ ಓದುವ ಪೆನ್ನು ಇದೆ: ಸಾಲಿನ ಮೇಲೆ ಎಳೆದರೆ ಇಯರ್‌ಫೋನ್‌ನಲ್ಲಿ ಓದಿ ಹೇಳುತ್ತದೆ. 1976ರಲ್ಲಿ ರೇ ಕರ್ಜ್‌ವೈಲ್ ಮುದ್ರಿತ ಪುಟವನ್ನು ಓದಿ ಹೇಳುವ ಯಂತ್ರ ತೋರಿಸಿದಾಗ ಅದು ಇಡೀ ಮೇಜನ್ನು ಆಕ್ರಮಿಸುತ್ತಿತ್ತು. ಈಗ ಜೇಬಿಗೆ ಬಂದಿದೆ. ಪರೀಕ್ಷೆಗೆಂದೇ ಮಾಡಿದ ಪೆನ್ನುಗಳಲ್ಲಿ ನಿಘಂಟು ಇರುವುದಿಲ್ಲ, ಏನನ್ನೂ ಉಳಿಸಿಟ್ಟುಕೊಳ್ಳಲೂ ಬರುವುದಿಲ್ಲ. ಕೊಳ್ಳುವ ಮೊದಲು ನೀವು ಪಾಠ ಕೇಳುವ ಭಾಷೆ ಅದಕ್ಕೆ ಬರುತ್ತದಾ ಎಂದು ನೋಡಿ. ಇಂಗ್ಲಿಷ್ ಸೊಗಸಾಗಿ ಓದಿ ಕನ್ನಡದ ಮುಂದೆ ಬಾಯಿ ಕಟ್ಟಿಕೊಳ್ಳುವ ಪೆನ್ನಿನಿಂದ ಸಮಾಜ ವಿಜ್ಞಾನದ ಪತ್ರಿಕೆಗೆ ಏನು ಉಪಯೋಗ?

ಕೈ ಮತ್ತು ಸ್ನಾಯುಗಳ ತೊಂದರೆ ಇದ್ದವರಿಗೆ ಪರಿಹಾರ ಕೆಲವೊಮ್ಮೆ ಕಂಪ್ಯೂಟರ್‌ನಲ್ಲೇ ಅಡಗಿರುತ್ತದೆ. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಬಹಳಷ್ಟು ಜನ ಅದನ್ನು ಕಿರಿಕಿರಿ ಎಂದು ಮುಚ್ಚಿಬಿಡುತ್ತಾರೆ. ಅದು ಸ್ಟಿಕಿ ಕೀಸ್. ಎರಡು ಮೂರು ಕೀಲಿ ಒಟ್ಟಿಗೆ ಒತ್ತಲಾಗದವರು ಒಂದಾದ ಮೇಲೆ ಒಂದು ಒತ್ತಬಹುದು. ಕೈ ನಡುಗಿ ಒಂದೇ ಅಕ್ಷರ ಹತ್ತು ಸಲ ಬೀಳುವುದನ್ನು ತಡೆಯಲು ಫಿಲ್ಟರ್ ಕೀಸ್ ಇದೆ. ಒಂದೇ ಒಂದು ಗುಂಡಿ ಒತ್ತಲು ಸಾಧ್ಯವಿರುವ ಮಗುವೂ ಬರೆಯಬಲ್ಲದು: ತೆರೆಯ ಮೇಲಿನ ಕೀಲಿಮಣೆಯಲ್ಲಿ ಒಂದೊಂದೇ ಸಾಲು ಬೆಳಗುತ್ತಾ ಹೋಗುತ್ತದೆ, ಬೇಕಾದ ಸಾಲು ಬಂದಾಗ ಗುಂಡಿ ಒತ್ತಬೇಕು, ಆಮೇಲೆ ಆ ಸಾಲಿನ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ, ಮತ್ತೆ ಒತ್ತಬೇಕು. ಒಂದು ಅಕ್ಷರಕ್ಕೆ ಎರಡು ಒತ್ತು, ನಡುವೆ ಕಾಯುವುದು. 'ಆಮ್ಲಜನಕ' ಎಂದು ಬರೆಯಲು ಎಷ್ಟು ಹೊತ್ತು ಎಂದು ನೀವೇ ಊಹಿಸಿ. ಇಂಥ ಮಗುವಿಗೆ ಐದು ಪುಟದ ಪ್ರಬಂಧ ಕೇಳುವುದು ಬಿಟ್ಟು, ತಿಳಿದದ್ದನ್ನು ಕಡಿಮೆ ಪದಗಳಲ್ಲಿ ತೋರಿಸಲು ಬಿಡುವ ಪ್ರಶ್ನೆಗಳನ್ನು ಯೋಚಿಸಬೇಕು.

ಮಾತಾಡಿದ್ದನ್ನು ಟೈಪ್ ಮಾಡುವ ತಂತ್ರಾಂಶ ವೇಗದ್ದು. ಆದರೆ ಪ್ರತ್ಯೇಕ ಕೊಠಡಿ ಬೇಕೇ ಬೇಕು, ಇಲ್ಲದಿದ್ದರೆ ಪಕ್ಕದವರಿಗೆಲ್ಲ ಪುಕ್ಕಟೆ ಉತ್ತರ.

ಕಿವಿ ಕೇಳದ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕಾಣುತ್ತದಲ್ಲ, ಅವರಿಗೇನು ತೊಂದರೆ ಎನ್ನುವವರಿದ್ದಾರೆ. ಕೊಠಡಿಯಲ್ಲಿ ಮಾತಿನಲ್ಲೇ ಮುಗಿದುಹೋಗುವ ಸೂಚನೆಗಳನ್ನು ನೆನಪಿಸಿಕೊಳ್ಳಿ. '12ನೇ ಪ್ರಶ್ನೆಯಲ್ಲಿ ಅಚ್ಚಿನ ತಪ್ಪಿದೆ, ತಿದ್ದಿಕೊಳ್ಳಿ.' 'ಐದು ನಿಮಿಷ ಉಳಿದಿದೆ.' ಎಲ್ಲರೂ ತಿದ್ದಿಕೊಂಡರು, ಒಬ್ಬ ಹುಡುಗಿ ತಪ್ಪು ಪ್ರಶ್ನೆಗೇ ಉತ್ತರ ಬರೆದಳು. ಇದಕ್ಕೆ ಬೋರ್ಡ್ ಮತ್ತು ಸೀಮೆಸುಣ್ಣಕ್ಕಿಂತ ದೊಡ್ಡ ತಂತ್ರಜ್ಞಾನ ಬೇಡ. ಕೇಳಿ ಉತ್ತರಿಸುವ ಪರೀಕ್ಷೆಗೆ ಮಾತ್ರ ಬೇರೆ ವ್ಯವಸ್ಥೆ ಬೇಕು. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ, ಕೊಠಡಿಯಲ್ಲಿ ಪ್ರತಿಧ್ವನಿಯೂ ಸೇರಿ ಮಾತು ಕಲಸುಮೇಲೋಗರ. ಸ್ಪೀಕರ್‌ನ ಸದ್ದನ್ನು ನೇರವಾಗಿ ಶ್ರವಣ ಸಾಧನಕ್ಕೆ ಕಳಿಸುವ ರಿಮೋಟ್ ಮೈಕ್ ಇದ್ದರೆ ಈ ದೂರವೇ ಇಲ್ಲವಾಗುತ್ತದೆ. ಸನ್ನೆ ಭಾಷೆಯಲ್ಲೇ ಬೆಳೆದ ಮಕ್ಕಳಿಗೆ ಬರಹದ ಭಾಷೆ ಎರಡನೇ ಭಾಷೆ. ಅವರಿಗೆ ಪ್ರಶ್ನೆಗಳನ್ನು ಸನ್ನೆಯಲ್ಲಿ ವಿಡಿಯೋ ಮಾಡಿ ಕೊಡಬಹುದು.

ಸ್ಕ್ರೈಬ್, ಸಮಯ, ನಕಲಿನ ಭಯ

ಯಂತ್ರವೆಲ್ಲ ಯಾಕೆ, ಬರೆದುಕೊಡಲು ಒಬ್ಬ ಸ್ಕ್ರೈಬ್ ಸಾಕಲ್ಲ ಎಂಬ ಮಾತು ಆಗಾಗ ಬರುತ್ತದೆ. ಕೆಲವರಿಗೆ ಅದೇ ಸರಿ. ಇತ್ತೀಚೆಗೆ ದೃಷ್ಟಿ ಕಳೆದುಕೊಂಡ, ಇನ್ನೂ ಟೈಪಿಂಗ್ ಕಲಿಯದ ಮಗುವಿಗೆ ಕೀಬೋರ್ಡ್ ಕೊಟ್ಟು ಕೂರಿಸುವುದು ಶಿಕ್ಷೆ. ಆದರೆ ಸ್ಕ್ರೈಬ್ ತಪ್ಪು ಕೇಳಿಸಿಕೊಳ್ಳಬಹುದು, ರಾಸಾಯನಿಕ ಸೂತ್ರ ಗೊತ್ತಿಲ್ಲದೆ ತಡವರಿಸಬಹುದು. 'ಮೂರನೇ ಪ್ಯಾರಾ ಇನ್ನೊಮ್ಮೆ ಓದಿ' ಎಂದು ಐದನೇ ಸಲ ಕೇಳಲು ಮಗುವಿಗೆ ಸಂಕೋಚ. ಯಂತ್ರದ ಹತ್ತಿರ ಸಂಕೋಚ ಇಲ್ಲ, ನೂರು ಸಲ ಕೇಳಿದರೂ ಅದರ ದನಿ ಬದಲಾಗುವುದಿಲ್ಲ. ಆಯ್ಕೆ ಮಗುವಿನದ್ದಾಗಿರಬೇಕು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ, ಶಿಕ್ಷಣದ ಕುರಿತ 24ನೇ ವಿಧಿ, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕೆಂದು ಹೇಳುತ್ತದೆ. ಒಬ್ಬೊಬ್ಬರ ಎನ್ನುವುದೇ ಮುಖ್ಯ.

ಹೆಚ್ಚಿನ ಸಮಯ ಕೊಟ್ಟರೆ ಬೇರೆಯವರಿಗೆ ಅನ್ಯಾಯವಲ್ವಾ? ಇದನ್ನು ಅಳೆಯುವ ಒಂದು ದಾರಿ ಇದೆ. ಒಂದು ಸೌಲಭ್ಯವನ್ನು ಎಲ್ಲ ಮಕ್ಕಳಿಗೂ ಕೊಟ್ಟು ನೋಡುವುದು. ಅಂಗವೈಕಲ್ಯ ಇರುವವರ ಅಂಕ ಬಹಳ ಏರಿ, ಉಳಿದವರದ್ದು ಅಷ್ಟೇನೂ ಏರದಿದ್ದರೆ, ಆ ಸೌಲಭ್ಯ ತೆಗೆದದ್ದು ಅಡ್ಡಿಯನ್ನೇ. ಎಲ್ಲರದ್ದೂ ಒಂದೇ ಸಮ ಏರಿದರೆ ಪರೀಕ್ಷೆಯ ಸಮಯವೇ ಎಲ್ಲರಿಗೂ ಬಿಗಿಯಾಗಿತ್ತು ಎಂದರ್ಥ. ಆಗ ತಿದ್ದಬೇಕಾದ್ದು ಪರೀಕ್ಷೆಯನ್ನು.

ನಕಲಿನ ಭಯಕ್ಕೂ ಉತ್ತರ ಇದೆ. ಪರೀಕ್ಷೆಯ ಕಂಪ್ಯೂಟರ್‌ಗೆ ಇಂಟರ್ನೆಟ್ ಇರಬಾರದು, ಹಳೆಯ ಫೈಲುಗಳಿರಬಾರದು, ಕಾಗುಣಿತ ತಿದ್ದುವುದನ್ನೂ ಪದ ಸೂಚಿಸುವುದನ್ನೂ ನಿಯಮಕ್ಕೆ ತಕ್ಕಂತೆ ಆಫ್ ಮಾಡಿರಬೇಕು. ಎನ್‌ವಿಡಿಎಯನ್ನು ಪೆನ್ ಡ್ರೈವ್‌ನಿಂದಲೇ ಓಡಿಸಬಹುದು. ಅದರಲ್ಲಿ ಸ್ಪೀಚ್ ವ್ಯೂವರ್ ಎಂಬ ಕಿಟಕಿ ಇದೆ: ಯಂತ್ರ ಮಗುವಿನ ಕಿವಿಯಲ್ಲಿ ಹೇಳುತ್ತಿರುವುದೆಲ್ಲ ಅಲ್ಲಿ ಅಕ್ಷರವಾಗಿ ಬೀಳುತ್ತದೆ. ಕೊಠಡಿ ಮೇಲ್ವಿಚಾರಕರು ಅದನ್ನು ನೋಡುತ್ತಾ ಕೂರಬಹುದು. ಆನ್‌ಲೈನ್ ಪರೀಕ್ಷೆಗಳಲ್ಲಿ ತೊಂದರೆ ಉಲ್ಟಾ. ಬೇರೆ ತಂತ್ರಾಂಶ ತೆರೆಯದಂತೆ ಕಂಪ್ಯೂಟರ್‌ಗೆ ಬೀಗ ಹಾಕುವ ವ್ಯವಸ್ಥೆ, ಕಳ್ಳನ ಜೊತೆಗೆ ಸ್ಕ್ರೀನ್ ರೀಡರನ್ನೂ ಹೊರಗೆ ಹಾಕಿಬಿಡುತ್ತದೆ. ಇದು ಪರೀಕ್ಷೆಯ ಬೆಳಿಗ್ಗೆ ಗೊತ್ತಾದರೆ ಯಾರೂ ಏನೂ ಮಾಡಲಾಗುವುದಿಲ್ಲ.

ಹಾಗಾಗಿ ತಾಲೀಮು. ಪರೀಕ್ಷೆಗೆಂದು ಮೊದಲ ಸಲ ಸಾಧನ ಕೈಗೆ ಕೊಟ್ಟರೆ ಅದೇ ಇನ್ನೊಂದು ಪರೀಕ್ಷೆ. ವರ್ಷವಿಡೀ ತರಗತಿಯಲ್ಲಿ, ಮನೆಪಾಠದಲ್ಲಿ, ಕಿರುಪರೀಕ್ಷೆಯಲ್ಲಿ ಬಳಸಿದ್ದನ್ನೇ ಕೊಡಬೇಕು. ಅದೇ ಧ್ವನಿ, ಅದೇ ವೇಗ, ಅದೇ ಕೀಬೋರ್ಡ್. ಒಂದು ವಾರ ಮೊದಲು ಅದೇ ಕೊಠಡಿಯಲ್ಲಿ, ಅದೇ ಯಂತ್ರದಲ್ಲಿ ಹಳೆಯ ಪತ್ರಿಕೆಯೊಂದನ್ನು ಪೂರ್ತಿ ಬರೆಸಿ ನೋಡಬೇಕು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕರೆಂಟ್ ಹೋದರೆ ಏನು, ಫೈಲ್ ತಾನಾಗಿ ಸೇವ್ ಆಗುತ್ತದಾ, ಇನ್ನೊಂದು ಹೆಡ್‌ಫೋನ್ ಇದೆಯಾ. ಮುದ್ರಣಕ್ಕೆ ಕಳಿಸುವ ಮೊದಲು ಮಗು ತನ್ನ ಉತ್ತರವನ್ನು ಒಮ್ಮೆ ಕೇಳಿ ನೋಡಲು ಸಮಯ ಇದೆಯಾ.

ಮುದ್ರಣದ ಬಗ್ಗೆ ಇನ್ನೊಂದು ವಿಷಯ, ಬಹಳ ಜನ ಗಮನಿಸದ್ದು. 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ಅದೇ ಪ್ರಬಂಧಗಳನ್ನು ಕೈಬರಹದಲ್ಲೂ ಟೈಪ್ ಮಾಡಿಯೂ ಮೌಲ್ಯಮಾಪಕರಿಗೆ ಕೊಟ್ಟು ನೋಡಿದರು. ಟೈಪ್ ಮಾಡಿದ್ದಕ್ಕೆ ಅಂಕ ಕಡಿಮೆ ಬಂತು. ಅಚ್ಚಿನಲ್ಲಿ ತಪ್ಪು ಎದ್ದು ಕಾಣುತ್ತದೆ, ಅದೇ ಉತ್ತರ ಗಿಡ್ಡವಾಗಿಯೂ ಕಾಣುತ್ತದೆ. ಸಾಲುಗಳ ನಡುವೆ ಜಾಗ ಬಿಟ್ಟು ಮುದ್ರಿಸಿ, ತಿದ್ದುವವರಿಗೂ ಈ ವಿಷಯ ಮೊದಲೇ ತಿಳಿಸಿದಾಗ ಅಂತರ ಕಡಿಮೆಯಾಯಿತು. ಆದ್ದರಿಂದ ಪ್ರಿಂಟ್ ಒತ್ತುವ ಮೊದಲು ಸಾಲಿನ ಅಂತರವನ್ನು ಎರಡರಷ್ಟು ಮಾಡಿ.